ತಮ್ಮನ ಕೈಗೊಪ್ಪುವ ಗಾಳ

ಮೀನಾಗಿ ಮೈದೋರಿ, ಮುಳುಗುವ ಲೋಕವನ್ನು ದಡ ಮುಟ್ಟಿಸಿದ ಪರಮಾತ್ಮನೇ, ಮೀನು ಹಿಡಿಯುವವರ ಈ ಕಥೆಯನ್ನು ಮುನಿಯದೆ ಆಲಿಸು, ಹೇಳುವ ನಾಲಗೆಯಲ್ಲಿ ನೆಲೆಸಿ ಅನುಗ್ರಹಿಸು.

ಎಷ್ಟೊಂದು ಗಾಳದ ಕೋಲುಗಳು, ಅಂಗಡಿಯ ಗೋಡೆಯುದ್ದಕ್ಕೂ ಒರಗಿ ನಿಂತಿವೆ, ಫೋಟೋಕ್ಕೆ ನಿಂತ ನೆಂಟರ ಹಾಗೆ, ಕುಳ್ಳರು ಮುಂದೆ, ಉದ್ದನೆಯವರು ಹಿಂದೆ — ಕಪ್ಪು, ಹಸಿರು, ಜೇನುಬಣ್ಣ — ಯಾವುದು ಯಾವುದಕ್ಕೆಂದು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿಯೇ ವರ್ಷ ಕಳೆದ ಅಕ್ಕನಿಗೇನು ಗೊತ್ತು, ಗೊತ್ತಿದ್ದರೆ ಬಾಗಿಲ ಹಿಂದಿದ್ದ ತಮ್ಮನ ಗಾಳದ ಕೋಲನ್ನು ಗರಗಸದಿಂದ ಕಿಟಕಿಯಳತೆಗೆ ಕೊಯ್ದು ಅದಕ್ಕೆ ಪರದೆ ಪೋಣಿಸುತ್ತಿದ್ದಳೇ, ಅದೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ, ಪೋಣಿಸಿ, ಬಾರೋ ನೋಡೋ ಹೇಗಿದೆ ಎಂದು ಅವನನ್ನೇ ಕರೆದಳಲ್ಲ, ದೇವರೇ, ಅವನು ನೋಡಿದ, ಬಾಯಿ ತೆರೆದ, ಮುಚ್ಚಿದ, ತೆರೆದ, ನೀರಿನಿಂದ ಮೇಲೆತ್ತಿದ ಮೀನಿನಂತೆಯೇ, ನಗಬಾರದಿತ್ತು, ನಕ್ಕಳು, ಅಂದಿನಿಂದ ಮೂರು ತಿಂಗಳು ಅಕ್ಕಾ ಎಂಬ ಎರಡಕ್ಷರ ಅವನ ಬಾಯಿಂದ ಉದುರಿಲ್ಲ, ಒಂದೇ ಮೇಜಿನಲ್ಲಿ ಊಟ, ಉಪ್ಪು ಬೇಕಾದರೂ ಎದ್ದು ಸುತ್ತಿ ಬಂದು ತಾನೇ ತೆಗೆದುಕೊಳ್ಳುತ್ತಾನೆ, ಈ ದಿನ ಸರಿಯಾದ ಕೋಲು ಸಿಗದಿದ್ದರೆ ಆ ಎರಡಕ್ಷರವನ್ನು ಮರೆತುಬಿಡುವುದೇ ಸೈ. ಯಾರಿಗಮ್ಮಾ ಕೋಲು, ಎಂದ ಅಂಗಡಿಯವನು, ನನ್ನ ತಮ್ಮನಿಗೆ, ಅವ್ರನ್ನೇ ಕರ್ಕೊಂಡ್ ಬರ್ಬೇಕಿತ್ತು, ಚಪ್ಪಲಿ ಕೊಂಡ ಹಾಗೆ ಕಣಮ್ಮಾ ಇದು, ಕೈ ನೋಡದೆ ಕೊಡಕ್ಕಾಗಲ್ಲ — ಕೈಯೇ? ಇಪ್ಪತ್ತು ವರ್ಷದಿಂದ ಅವನ ಅಂಗಿಗಳನ್ನೆಲ್ಲ ಹೊಲಿದವರಾರು, ಬರ್ಕೊಳ್ಳಿ, ತೋಳು ಇಪ್ಪತ್ಮೂರೂವರೆ ಇಂಚು, ಮಣಿಕಟ್ಟು ಆರೂಮುಕ್ಕಾಲು, ಬಲಭುಜ ಅರ್ಧ ಇಂಚು ಕೆಳಗೆ, ಚಿಕ್ಕವನಿದ್ದಾಗ ಸೈಕಲ್ಲಿಂದ ಬಿದ್ದಿದ್ದು — ಬೆನ್ನ ಮೇಲೆ ಹೊತ್ತು ತಂದಳು, ದಾರಿಯುದ್ದಕ್ಕೂ ಕಿವಿಯಲ್ಲಿ ಅಕ್ಕಾ ಅಕ್ಕಾ, ಸಾಕು ಬಾಯ್ಮುಚ್ಚೋ ಎಂದಿದ್ದಳು, ಎಂಥ ಮಾತು ಅಂದುಬಿಟ್ಟಳು — ನಾನು ಕೋಲು ಮಾರ್ತೀನಮ್ಮಾ, ಕೋಟು ಹೊಲಿಯಲ್ಲ, ಎಂದು ಅಂಗಡಿಯವನು ನಕ್ಕರೂ ಒಂದನ್ನು ಎತ್ತಿಕೊಡುತ್ತಾನೆ, ಭುಜ ಸೋತವರಿಗೆ ಹಗುರದ್ದೇ ಸರಿ, ಹಿಡೀರಿ ಗಟ್ಟಿಯಾಗಿ, ಈಗ ನಾನೇ ಮೀನು, ದಾರದ ಕೊನೆ ಹಿಡಿದು ಅಂಗಡಿಯ ಆ ಮೂಲೆಗೆ ಓಡುತ್ತಾನೆ, ದಢೂತಿ ಮೀನು, ಮೀಸೆ ಹೊತ್ತ ಮೀನು, ಜಗ್ಗುತ್ತದೆ, ಕೋಲಿನ ತುದಿ ನಡುಗುತ್ತದೆ, ನಡುಕ ಬೆರಳಿಗೆ, ಬೆರಳಿಂದ ಎದೆಗೆ, ಇದಕ್ಕೇ ಏನು ಅವನು ನಿದ್ದೆಗೆಟ್ಟು ಹೊಳೆಗೆ ಓಡುತ್ತಿದ್ದದ್ದು, ಇದನ್ನೇ ಏನು ತಾನು ಕೊಯ್ದದ್ದು, ನಕ್ಕದ್ದು, ಎಡಗೈ ತಾನಾಗಿ ಫೋನು ಒತ್ತುತ್ತದೆ, ಎತ್ತಲಾರ, ಎತ್ತಿದ, ಬರೀ ಉಸಿರು, ಲೋ, ಗಾಳದ ಅಂಗಡೀಲಿದೀನಿ, ತುದಿ ನಡುಗ್ತಿದೆ ಕಣೋ, ನಂಗೀಗ ಗೊತ್ತಾಯ್ತು, ತಪ್ಪಾಯ್ತು — ಬರೀ ತುದೀನಾ, ನಡುವಿನವರೆಗೂ ಬಗ್ಗತ್ತಾ, ಎಂದ ತಮ್ಮ, ಬರೀ ತುದಿ ಕಣೋ, ಹಾಗಾದ್ರೆ ಅದೇ ನಂಗೆ ಸರಿ, ಬಿಡಬೇಡ ಅಕ್ಕಾ, ನಾನು ಬರ್ತಿದೀನಿ, ಹಿಡ್ಕೊಂಡಿರು, ಅಮ್ಮಾ, ಎಂದು ಮೂಲೆಯಿಂದ ಅಂಗಡಿಯವನು, ಮೀನಿಗೆ ಕೈ ನೋಯ್ತಿದೆ, ಬಿಡ್ಲಾ, ಬೇಡಿ ಬೇಡಿ, ಅವನು ಬರಲಿ, ಜಗ್ಗಿ, ಇನ್ನೂ ಜಗ್ಗಿ, ತುದಿ ನಡುಗುತ್ತದೆ, ಕಣ್ಣು ಮಂಜಾಗಿ ಒಂದು ತುದಿ ಎರಡಾಗಿ, ನಡುಗುವ ತುದಿ, ತುದಿ —

ಕೇಳಿದವರ ಮನೆಗಳಲ್ಲಿ ಮುನಿದವರ ಮಾತು ಮರಳಲಿ, ಹಿಡಿದದ್ದು ಕೈಗೊಪ್ಪಲಿ, ಸರ್ವರಿಗೂ ಮಂಗಳವಾಗಲಿ.