ಬೀಟೆಯ ಮೇಲಿನ ಗೀರು

1998ರ ನವೆಂಬರ್ 21, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಟ್ಯೂಬ್‌ಲೈಟಿನ ಕೆಳಗೆ ಬೆಳ್ಳಗೆ ಏನೋ ಮಿನುಗಿತು, ಎಣ್ಣೆ ಸವರಿದ, ಬೆರಳೊತ್ತುವ ಬೀಟೆಹಲಗೆಯ ಮೇಲೆ ಉಗುರಿನಲ್ಲಿ ಗೀರಿದ ಹಾಗೆ, ಹಂಸ ಬಗ್ಗಿದಳು, ತಂತಿ ನಾಲ್ಕೂ ಬಿಚ್ಚಿದ ಅವಳ ಬಾಸ್ ಗಿಟಾರ್ ಶಿವಾಜಿನಗರದ ಈ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಬೋಳಾಗಿ ಮಲಗಿದೆ, ಅಹ್ಮದ್ ಪಾಷಾ ಉಪ್ಪುಕಾಗದ ಹುಡುಕುತ್ತ ಗೊಣಗುತ್ತಲೇ ಇದ್ದಾರೆ, ನಾನು ಹೇಳಿರ್ಲಿಲ್ವಾಮ್ಮ, ಈ ರೌಂಡ್ ತಂತಿ, ಸುರುಳಿ ಸುತ್ತಿದ್ದು, ಅರ ಇದ್ದಂಗೆ, ಲಕ್ಡಿ ತಿಂದ್ಬಿಡ್ತದೆ, ಫ್ಲಾಟ್ ತಂತಿ ಹಾಕ್ಕೊ, ಮೈ ನುಣುಪು, ಬೆಣ್ಣೆ ಥರ ಜಾರ್ತದೆ — ಹೇಳಿದ್ದರು, ನಿಜ, ಹೋದ ವರ್ಷ ಇದೇ ಬೆಂಚಿನ ಮೇಲೆ ಫ್ರೆಟ್ಟುಗಳನ್ನು, ಸ್ವರ ಎಲ್ಲಿ ಅಂತ ಹೇಳಿಕೊಡುವ ಆ ಲೋಹದ ಪಟ್ಟಿಗಳನ್ನು, ಒಂದೊಂದಾಗಿ ಕಿತ್ತು ಸೀಳುಗಳಿಗೆ ತೇಗದ ಚಕ್ಕೆ ತುಂಬಿ ಬರೀ ಗೆರೆ ಉಳಿಸಿಕೊಟ್ಟ ದಿನವೇ ಹೇಳಿದ್ದರು, ಆದರೆ ರೌಂಡ್ ತಂತಿಯ ಆ ದನಿ, ಮೈಯುಜ್ಜಿಕೊಂಡು ಗುರುಗುಟ್ಟುವ ಆ ದನಿಯನ್ನು ಬಿಡುವುದು ಹೇಗೆ, ಕೆ.ಆರ್. ಪುರದ ಮನೆಯಲ್ಲಿ ಅಜ್ಜಿ ದೊಡ್ಡಮುನಿಯಮ್ಮ, ಅದ್ಯಾಕಮ್ಮಿ ನಿನ್ ಪೆಟ್ಗೆ ಈಯಕ್ಕೆ ಬಂದಿರೋ ಎಮ್ಮೆ ಥರ ನರಳ್ತದೆ, ಅಂದಾಗ ಹಂಸ ಹಿಗ್ಗಿಹೋಗಿದ್ದಳು, ಅದೇ ಬೇಕು, ನರಳಬೇಕು ಅದು.

ಇವತ್ತು ಮಾತ್ರ ಸೋತು ಬಂದಿದ್ದಳು. ಮಧ್ಯಾಹ್ನ ಒಂದಕ್ಕೆ ಫ್ರೇಜರ್ ಟೌನಿನ ಸ್ಟುಡಿಯೋದಲ್ಲಿ ಅವರ ತಂಡದ ಮೊದಲ ರೆಕಾರ್ಡಿಂಗ್, ಮೂರು ತಿಂಗಳಿಂದ ಗಿಟಾರಿನ ಲಕ್ಷ್ಮಿಕಾಂತನದು ಒಂದೇ ರಾಗ, ಹಂಸಾ, ಮತ್ತ ಶ್ರುತಿ ಇಳದೈತಿ ನೋಡು, ನೀ ಬಾಸ್ ನುಡಸ್ತಿಯೋ ಬಾವಿಗೆ ಇಳೀತಿಯೋ, ಎಲ್ಲರೂ ನಕ್ಕಿದ್ದರು, ನಿನ್ನೆ ನಗಲಿಲ್ಲ, ಇವತ್ತೂ ಇಳದ್ರ ನಿನ್ನ ಭಾಗ ಕೀಬೋರ್ಡಿನ್ಯಾಗ ಹಾಕ್ತೀವಿ, ಬ್ಯಾಸರ ಮಾಡ್ಕೋಬ್ಯಾಡ — ಮಾಡಿಕೊಳ್ಳದೆ ಇರಲಾದೀತೆ, ತಂತಿಯ ಶ್ರುತಿ ಯಂತ್ರ ಇಟ್ಟೇ ಕೂರಿಸಿದ್ದಳು, ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹುಡುಗರಿಗೆ ಮೊದಲು ಉಪಕರಣದ ದೋಷ ನೋಡಿ ಅಂತ ಹೇಳಿಕೊಡುವವಳು, ಹಾಗಾಗಿ ಹಲಗೆ ಸವೆದದ್ದೇ ದೋಷ, ಉಜ್ಜಿಸಿ ಫ್ಲಾಟ್ ತಂತಿ ಹಾಕಿಸಿಬಿಡೋಣ ಅಂತ ತೀರ್ಮಾನಿಸಿ ಬಂದಿದ್ದಳು, ಈಗ ಪಾಷಾರ ಕೈಗೆ ಉಪ್ಪುಕಾಗದ ಸಿಕ್ಕಿದೆ, ಮರದ ತುಂಡಿಗೆ ಸುತ್ತಿ ಹಲಗೆಯ ಮೇಲೆ ಇಟ್ಟೂ ಆಯಿತು, ಅವಳ ಕಣ್ಣು ಮಾತ್ರ ಆ ಗೀರಿನ ಮೇಲೆ, ಗೀರು ಐದನೇ ಗೆರೆಯ ಮೇಲಿಲ್ಲ, ಹಿಂದಿದೆ, ಗಿಟಾರಿನ ತಲೆಯ ಕಡೆಗೆ, ಏಳನೆಯದು, ಅದೂ ಹಿಂದೆ, ಮೂರನೆಯದು, ಹಿಂದೆ, ಎಲ್ಲವೂ, ಯಾರೋ ಅಳೆದು ಕೊರೆದ ಹಾಗೆ ಎಲ್ಲವೂ ಗೆರೆಗಿಂತ ಸ್ವಲ್ಪ ಹಿಂದೆ — ತಡೀರಿ ಪಾಷಾ ಭಾಯ್, ಉಜ್ಜಬೇಡಿ, ಕೈ ತೆಗೀರಿ.

ನಾಲ್ಕು ವರ್ಷ ಫ್ರೆಟ್ಟಿದ್ದ ಗಿಟಾರಿನಲ್ಲಿ ಕಲಿತದ್ದು, ಬೆರಳು ಪಟ್ಟಿಯ ಹಿಂದೆ ಒತ್ತಬೇಕು, ತಂತಿ ನಿಲ್ಲುವುದು ಪಟ್ಟಿಯ ಮೇಲೆ, ಸರಿ, ಆದರೆ ಪಟ್ಟಿಯೇ ಹೋದ ಮೇಲೆ ತಂತಿ ನಿಲ್ಲುವುದು ಬೆರಳಿನ ಅಡಿಯಲ್ಲೇ ಅಲ್ಲವೇ, ಪಟ್ಟಿಗಳನ್ನು ಕೀಳಿಸಿದವಳು ಅಭ್ಯಾಸವನ್ನು ಕೀಳಲಿಲ್ಲ, ಇಲ್ಲದ ಲೋಹಕ್ಕೆ ಒಂದು ವರ್ಷ ಜಾಗ ಬಿಟ್ಟು ಒತ್ತಿದ್ದಾಳೆ, ಅಷ್ಟು ತಂತಿ ಉದ್ದವಾಗಿ ಅಷ್ಟು ಶ್ರುತಿ ಇಳಿದಿದೆ, ಫ್ಲಾಟ್ ತಂತಿ ಇದ್ದಿದ್ದರೆ ಇದು ಯಾವತ್ತೂ ಕಾಣುತ್ತಿರಲಿಲ್ಲ, ಎಲ್ಲರೂ ಬೈದ ಈ ಒರಟು ತಂತಿಯೇ ಒಂದೊಂದು ತಪ್ಪನ್ನೂ ಮರದಲ್ಲಿ ಬರೆದಿಟ್ಟಿದೆ, ಆದರೂ ಊಹೆ ಊಹೆಯೇ, ಪರೀಕ್ಷೆ ಆಗಬೇಕು — ಪಾಷಾ ಭಾಯ್, ಹೊಸ ರೌಂಡ್ ತಂತಿ ಕೊಡಿ. ಅರೆ, ಮತ್ತೆ ಅದೇನಾ, ಹೊಸ ಗಾಯ ಆಗ್ತದಮ್ಮ. ಆಗ್ಲಿ, ಸರಿಯಾದ ಜಾಗದಲ್ಲಿ ಆಗ್ಲಿ. ಪಾಷಾ ಅವಳ ಮುಖ ನೋಡಿದರು, ಪಾಗಲ್ ಆಗೋದಿದ್ರೆ ರೆಕಾರ್ಡಿಂಗ್ ಮುಗಿಸ್ಕೊಂಡು ಆಗು ಬೇಟಿ, ಅಂದರು, ತಂತಿಯನ್ನಂತೂ ಹಾಕಿಕೊಟ್ಟರು.

ಮೂರನೇ ತಂತಿ, ಐದನೇ ಗೆರೆ, ಅಲ್ಲಿ ಒತ್ತಿದ ಸ್ವರ, ಪಕ್ಕದ ಎರಡನೇ ತಂತಿಯ ಖಾಲಿ ಸ್ವರ, ಎರಡೂ ಒಂದೇ ಆಗಬೇಕು, ಮೊದಲು ಹಳೆಯ ಗೀರಿನ ಮೇಲೇ ಒತ್ತಿ ಎರಡನ್ನೂ ಮೀಟಿದಳು, ದನಿ ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು, ಎರಡು ಸ್ವರ ಕೂಡದಾಗ ನಿಧಾನವಾಗಿ ತೂಗುವ ಈ ಅಲೆ ಗೊತ್ತು ಅವಳಿಗೆ, ರಿಹರ್ಸಲ್ ಕೋಣೆಯಲ್ಲಿ ಎಷ್ಟು ಸಲ ಕೇಳಿ ಸ್ಪೀಕರ್ ಹಳೆಯದು ಅಂದುಕೊಂಡಿಲ್ಲ, ಬೆರಳನ್ನು ಮುಂದೆ ಉರುಳಿಸು, ಇನ್ನೂ ಕೊಂಚ, ಅಲೆ ಉದ್ದವಾಗುತ್ತಿದೆ, ಇನ್ನೂ, ಉಬ್ಬು ಹೋಯಿತು, ತಗ್ಗು ಹೋಯಿತು, ಎರಡು ತಂತಿ, ಒಂದು ದನಿ, ಬೆಂಚೇ ಗುಂಯ್ ಅನ್ನುತ್ತಿದೆ, ಪಾಷಾ ಬೀಡಿ ಹಚ್ಚುವುದನ್ನು ಮರೆತು ನಿಂತಿದ್ದಾರೆ, ಹಾಂ, ಈಗ ಕೂತ್ಕೊಂತು, ಅಂದರು, ಅವಳು ಬೆರಳೆತ್ತಲಿಲ್ಲ, ಎಡಗೈ ಅಲ್ಲೇ ಬಿಟ್ಟು ಬಲಗೈಯಲ್ಲಿ ಬೆರಳಿನ ಅಂಚಿಗೆ ಪೆನ್ಸಿಲ್ ಗುರುತು ಹಾಕಿದಳು, ಆಮೇಲೆ ನೋಡಿದಳು, ಗುರುತು ತೇಗದ ಗೆರೆಯ ಮೇಲೇ ಇದೆ, ಹಿಂದೆ ಆ ಗೀರು, ಬ್ಯಾಗಿನಿಂದ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ತೆಗೆದು ಒಂದು ದವಡೆ ಗೀರಿಗೆ, ಇನ್ನೊಂದು ಗುರುತಿಗೆ, ಇನ್ನೊಮ್ಮೆ, ಗೀರು, ಗುರುತು, ಗೀರು, ಮೂರು ಸಲ ಅಳೆದರೂ ಅವಳ ಬೆರಳು ಹಿಂದೆ ಉಳಿದದ್ದು ಅಷ್ಟೇ, 3.7 ಮಿಲಿಮೀಟರ್.