ಆರನೆಯ ನಲ್ಲಿ

ಚಳಿ ಹಿಂದೆಗೆಯುತ್ತಿದ್ದ ದಿನಗಳು. ಶೆಡ್ಡಿನ ತಗಡಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿದ್ದಾಗಲೇ ಫಿಟ್ಟರು ಎಂಜಿನ್ನಿನ ಪಕ್ಕದ ಬಾಗಿಲುಗಳನ್ನೆಲ್ಲ ತೆಗೆದು, ಡೀಸೆಲ್ ಕೊಳವೆಗಳ ಕೀಲುಗಳನ್ನು ಒಂದೊಂದಾಗಿ ಒರೆಸಿ, ಬೆರಳಾಡಿಸಿ ನೋಡುತ್ತಿದ್ದ. ಎಲ್ಲಿಯೂ ಒಸರು ಕಾಣಲಿಲ್ಲ.

ಗುಜರಿಗೆ ಹೊರಟಿದ್ದ ಈ ರೈಲು ಎಂಜಿನ್ನನ್ನು ಹಳೆಯ ಎಂಜಿನ್ನುಗಳ ಮೇಲೆ ಅಕ್ಕರೆಯುಳ್ಳ ಒಂದು ಸಂಘ ಉಳಿಸಿಕೊಂಡಿತ್ತು. ಸಂಘದವರು ತಿಂಗಳಿಗೊಮ್ಮೆ ಬಂದು ಫೋಟೋ ಹಿಡಿದುಕೊಂಡು ಹೋಗುತ್ತಿದ್ದರು. ಫಿಟ್ಟರು ನಿವೃತ್ತನಾಗಿ ಮೂರು ವರ್ಷ; ಉಳಿದ ದಿನಗಳಲ್ಲೆಲ್ಲ ಇಲ್ಲಿ ಅವನೊಬ್ಬನೇ. ಮಾತು ಬೇಕೆನಿಸಿದರೆ ಬೋಲ್ಟುಗಳನ್ನು ಬೈಯುತ್ತಿದ್ದ.

ಇವತ್ತು ಚಾಲೂ ಮಾಡುವ ದಿನ. ಅದಕ್ಕೆ ಇಬ್ಬರು ಬೇಕು. ಸಂಘದವರು ಆಳು ಕಳಿಸುತ್ತೇವೆ ಎಂದರೂ ಬೇಡವೆಂದು ಅಕ್ಕನ ಗಂಡನಿಗೆ ಫೋನು ಮಾಡಿದ್ದ. ಅಕ್ಕ ತೀರಿಕೊಂಡ ಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಂಜಿನ್ನು ಸದ್ದು ಮಾಡುವ ಮೊದಲು ಭಾವನಿಗೆ ಒಂದು ಮಾತು ಹೇಳಲೇಬೇಕಿತ್ತು.

ಇಪ್ಪತ್ತಾರು ವರ್ಷದ ಹಿಂದಿನ ಮಾತು ಅದು. ನಿಂತ ಎಂಜಿನ್ನಿನ ಸಿಲಿಂಡರಿಗೆ ನೀರು ಇಳಿದಿರಬಹುದು. ಅದಕ್ಕೇ ಆರು ಸಿಲಿಂಡರುಗಳ ಆರು ಸಣ್ಣ ನಲ್ಲಿಗಳನ್ನೂ ತೆರೆದು, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ನೀರು ಚಿಮ್ಮದಿದ್ದರೆ ‘ಆರೂ ಒಣಗಿವೆ’ ಎಂದು ಕೂಗಬೇಕು. ಮೇಲಿರುವವನು ಆ ಕೂಗನ್ನು ನಂಬಿ ಚೀಟಿಗೆ ಸಹಿ ಹಾಕಿ ಗುಂಡಿ ಒತ್ತುತ್ತಾನೆ. ಅವತ್ತು ಇದೇ ಎಂಜಿನ್ನಿನ ಆರನೆಯ ನಲ್ಲಿ ಬಿಗಿದುಕೊಂಡಿತ್ತು. ಡ್ಯೂಟಿ ಮುಗಿಸುವ ಅವಸರ. ಐದನ್ನು ನೋಡಿ, ಒಂದೇ ಸುತ್ತು ತಿರುಗಿಸಿ ಫಿಟ್ಟರು ಕೂಗಿಬಿಟ್ಟ. ಒಳಗೆ ಉಳಿದಿದ್ದ ನೀರು ಅಡ್ಡ ಬಂದು ಆರನೆಯ ಸಿಲಿಂಡರಿನ ರಾಡು ಬಗ್ಗಿಹೋಯಿತು. ಮೇಲಿದ್ದವನು ಭಾವ; ಸಹಿ ಅವನದು. ಭಾವನನ್ನು ಫಿಟ್ಟರ್ ಕೆಲಸದಿಂದ ರೈಲು ಡಬ್ಬಿ ತೊಳೆಯುವ ಕೆಲಸಕ್ಕೆ ಇಳಿಸಿದರು. ನಿವೃತ್ತಿಯವರೆಗೂ ಅಲ್ಲೇ ಉಳಿದ.

“ಏನೋ, ಇನ್ನೂ ಇದರ ಜೊತೆ ಸಂಸಾರ ಬಿಟ್ಟಿಲ್ವಾ?” ಬಾಗಿಲಲ್ಲಿ ಭಾವನ ದನಿ.

“ಅದು ನನ್ನ ಬಿಟ್ರೆ ತಾನೇ. ಬನ್ನಿ ಭಾವ. ಮೊಣಕಾಲು ಹೇಗಿದೆ?”

“ಹೊಸ ಆಯಿಲ್ ಸೀಲು ಹಾಕಿಕೊಡ್ತೀಯಾ ಹೇಳು, ಈಗಲೇ ಬಿಚ್ಚಿ ಕೊಡ್ತೀನಿ.”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಭಾವ ಮೆಟ್ಟಿಲು ಹಿಡಿದುಕೊಂಡು ಮೇಲೆ ಹತ್ತಿದ. ಫಿಟ್ಟರು ಆರೂ ನಲ್ಲಿ ತೆರೆದು, ಉದ್ದನೆಯ ಸಲಾಕೆ ಸಿಕ್ಕಿಸಿ, ಬೆವರಿಳಿಸಿಕೊಂಡು ಎರಡು ಸುತ್ತು ತಿರುಗಿಸಿದ. ಬರೀ ಗಾಳಿ ಉಸುರಿತು.

“ಆರೂ ಒಣಗಿವೆ!”

ಭಾವ ಗುಂಡಿ ಒತ್ತದೆ ಕೆಳಗಿಳಿದು ಬಂದ. ಒಂದೊಂದು ನಲ್ಲಿಗೂ ಬೆರಳಿಟ್ಟು ನೋಡಿದ. ಆರನೆಯದರ ಹಿಡಿಯನ್ನು ಎರಡು ಸಲ ಅಲ್ಲಾಡಿಸಿದ.

ಫಿಟ್ಟರು ಸಲಾಕೆ ಕೆಳಗಿಟ್ಟ. “ಭಾವ, ಅವತ್ತು ಇದನ್ನ ನಾನು…”

“ಗೊತ್ತು.”

“ಯಾವಾಗಿಂದ?”

“ರಾಡು ಹೊರಗೆ ತೆಗೆದ ದಿನದಿಂದ. ಈ ಹಿಡಿಯ ಮೇಲೆ ಬಣ್ಣ ಹಾಗೇ ಇತ್ತು, ತೆರೆದ ಒಂದು ಗೀರಿಲ್ಲ. ನೀನೇ ಬಂದು ಹೇಳ್ತೀಯ ಅಂತ ಕಾದೆ.”

“ತಪ್ಪಾಯ್ತು.”

“ನಂಗಲ್ಲ ಕಣೋ. ನಿನ್ನಕ್ಕನಿಗೆ ಹೇಳಬೇಕಿತ್ತು. ಮೈಮೇಲೆ ಜ್ಞಾನ ಇಲ್ಲದ ಮನುಷ್ಯ ಅಂತ ಕೊನೇವರೆಗೂ ನನ್ನನ್ನ ಸ್ಟೌ ಹಚ್ಚೋಕೆ ಬಿಡಲಿಲ್ಲ ಅವಳು.”

“ನೀವಾದ್ರೂ ಹೇಳಬಾರದಿತ್ತಾ?”

“ಅವಳಿಗೆ ಇದ್ದವನು ಒಬ್ಬ ತಮ್ಮ. ಅವನ ಮೇಲೆ ನಾನು ಹೇಳ್ಲಾ?” ಭಾವ ಕೈ ಒರೆಸಿಕೊಂಡ. “ನಲ್ಲಿ ಮುಚ್ಚು. ಸಹಿ ಮಾತ್ರ ನಿಂದೇ ಇರಲಿ.”

ಫಿಟ್ಟರು ನಲ್ಲಿಗಳನ್ನು ಮುಚ್ಚಿ ಚೀಟಿಗೆ ಸಹಿ ಹಾಕಿದ. ಭಾವ ಮತ್ತೆ ಮೇಲೆ ಹತ್ತಿ ಗುಂಡಿ ಒತ್ತಿದ. ಎಂಜಿನ್ನು ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಚಾಲೂ ಆಯಿತು. ನೆಲ ಅದುರಿತು. ಭಾವ ತಲೆಯಾಡಿಸುತ್ತ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ಊಟ ಮಾಡ್ಕೊಂಡು ಹೋಗಿ ಭಾವ,” ಕೆಳಗಿಳಿದು ಬಂದವನ ಕಿವಿಯ ಹತ್ತಿರ ಫಿಟ್ಟರು ಕೂಗಿದ.

“ಬಸ್ಸಿದೆ.”

ಆಗಷ್ಟೇ ಚಾಲೂ ಆದ ಎಂಜಿನ್ನನ್ನು ಬಿಟ್ಟು ಅರ್ಧ ಗಂಟೆಯವರೆಗೆ ಕದಲುವಂತಿಲ್ಲ. ಭಾವನನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲೂ ಫಿಟ್ಟರಿಗೆ ಆಗಲಿಲ್ಲ. ಹಳಿಗಳ ಪಕ್ಕದ ಹುಲ್ಲಿನಲ್ಲಿ ಭಾವ ಕಾಲೆಳೆಯುತ್ತ ಹೋಗುವುದನ್ನು ಬಾಗಿಲಿನಿಂದ ನೋಡಿದ. ಆಮೇಲೆ ಒಳಗೆ ಬಂದು, ಆಯಿಲ್ ಒತ್ತಡ ತೋರಿಸುವ ಮುಳ್ಳಿನ ಮುಂದೆ ಕುಳಿತು, ಐದೈದು ನಿಮಿಷಕ್ಕೊಮ್ಮೆ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ.