ಕೆಂಪಕ್ಕ ಹೇಳದ ಊರಿನ ಹೆಸರು

ಮಧುಗಿರಿಯ ವೃದ್ಧಾಶ್ರಮಕ್ಕೆ ಸರ್ಕಾರದ ಗ್ರಾಂಟು ಸಿಕ್ಕಿದ್ದು ಎಪ್ಪತ್ತೆಂಟರಲ್ಲಿ. ಗ್ರಾಂಟಿನ ಬೆನ್ನಿಗೇ ತಪಾಸಣೆಯೂ ಬಂತು. ಸಾಹೇಬರು ನಂದೀಶ್ವರಯ್ಯ ಮೂಗಿನಲ್ಲೇ ಮಾತಾಡುವವರು. ಅವರು ‘ನಿಯಮ’ ಅಂದರೆ ನಿಯಮಕ್ಕೇ ನೆಗಡಿ ಬಂದ ಹಾಗೆ ಕೇಳುತ್ತಿತ್ತು. ಬುದ್ಧಿ ಸ್ವಸ್ಥವಿಲ್ಲದವರನ್ನು ಆಶ್ರಮದಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಬೇಕು ಅನ್ನುವುದು ಆ ನೆಗಡಿಯ ನಿಯಮ.

ಮಿಡಿಗೇಶಿ ಕಡೆಯ ಗೊಲ್ಲರಹಟ್ಟಿಯಿಂದ ಬಂದು ಆಶ್ರಮ ಸೇರಿದ್ದ ಕೆಂಪಕ್ಕ, ಲಕ್ವ ಹೊಡೆದು ಮಾತು ನಿಂತ ಗಂಡನಿಗೆ ಅಂಬಲಿ ಕುಡಿಸುತ್ತಿದ್ದಳು. ಬೇರೆ ಯಾರು ಕುಡಿಸಿದರೂ ಅವನು ನುಂಗುತ್ತಿರಲಿಲ್ಲ.

“ಅಜ್ಜಿ, ಯಜಮಾನರ ಹೆಸರು?” ಎಂದರು ಸಾಹೇಬರು.

ಕೆಂಪಕ್ಕ ಸೆರಗು ಅಡ್ಡ ಹಿಡಿದು ನಕ್ಕಳು. “ಮೂಡ್ಲು ದಿಕ್ಕಿನ ಬೆಟ್ಟದ ಮ್ಯಾಲಿರೋ ಸ್ವಾಮಿ ಹೆಸ್ರು ಕಣಪ್ಪ.”

“ಗಂಡನ ಹೆಸರು ಬಾಯಲ್ಲಿ ಹೇಳಿದ್ರೆ ಆಯಸ್ಸು ಕಮ್ಮಿಯಾಗುತ್ತೆ ಅಂತಾರೆ ಸಾರ್,” ಎಂದಳು ಆಶ್ರಮ ನೋಡಿಕೊಳ್ಳುವ ಈಶ್ವರಮ್ಮ.

“ಹೋಗ್ಲಿ. ಇದು ಯಾವ ಊರು?”

“ನಾವಿರೋ ಊರು.”

“ಅದಕ್ಕೆ ಹೆಸರಿಲ್ವಾ?”

“ಮುಂದ್ಗಡೆ ಜೇನು. ಹಿಂದ್ಗಡೇದು ಬ್ಯಾಡ ಬುಡು.”

“ಏನ್ರೀ, ಊರಿಗೂ ಇವಳನ್ನ ಮದುವೆ ಮಾಡಿಕೊಟ್ಟಿದಾರಾ?”

“ಗಂಡ ಮೂಡಲಗಿರಿಯಪ್ಪ ಸಾರ್. ಊರಲ್ಲೂ ‘ಗಿರಿ’ ಐತಲ್ಲ, ಅದಕ್ಕೇ.”

“ಗುಮಾಸ್ತಗಿರಿ ಗೊತ್ತು, ದಾದಾಗಿರಿ ಗೊತ್ತು. ಇದ್ಯಾವ ಗಿರಿ? ಇರೋ ಊರೇ ಗೊತ್ತಿಲ್ಲದವಳನ್ನ ಸ್ವಸ್ಥ ಅಂತ ಬರೆದು ನಾಳೆ ಉತ್ತರ ಕೊಡೋನು ನಾನು. ಜೀಪು ಹತ್ತಿಸಿ.”

ಈಶ್ವರಮ್ಮ ಸಾಹೇಬರನ್ನು ಬೇಡಿದಳು. ಅವರು ಜಗ್ಗದಿದ್ದಾಗ ಕೆಂಪಕ್ಕನನ್ನೇ ಬೇಡಿದಳು. “ಒಂದ್ಸಲ ಅಂದ್ಬುಡಮ್ಮ. ನೀನು ಹೋದ್ರೆ ಈವಯ್ಯಂಗೆ ಗುಟುಕು ಹಾಕೋರು ಯಾರು?”

ಕೆಂಪಕ್ಕ ಗಂಡನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ.

“ಮೂಡಲಗಿರಿಯಪ್ಪ,” ಎಂದಳು. “ಊರು ಮಧುಗಿರಿ.”

“ನೋಡಿ, ಬಾಯಿ ಬಿಟ್ಲು,” ಎಂದು ಮೂಗಿನಲ್ಲೇ ನಕ್ಕು, ‘ಸ್ವಸ್ಥ’ ಎಂದು ಬರೆದು ನಂದೀಶ್ವರಯ್ಯ ಪಾವಗಡದ ದಾರಿ ಹಿಡಿದರು.

ಕೆಂಪಕ್ಕ ಎರಡೂ ಕೆನ್ನೆಗೆ ಹೊಡೆದುಕೊಂಡಳು. ಉಳಿದ ಅಂಬಲಿ ತಂದು ಗಂಡನ ತುಟಿಗೆ ಹಿಡಿದಳು.

“ಬಾಯಿ ತಗಿ ಅಯ್ಯ.”

ಅವನು ಮುಖವನ್ನು ಗೋಡೆಗೆ ತಿರುಗಿಸಿದ. ಅವನ ಮೈಯಲ್ಲಿ ಇನ್ನೂ ಅವನು ಹೇಳಿದ ಹಾಗೆ ಕೇಳುತ್ತಿದ್ದದ್ದು ಆ ಕುತ್ತಿಗೆ ಮತ್ತು ಆ ಬಾಯಿ, ಅಷ್ಟೇ.

“ನಿನ್ನ ತಾವೇ ಇರಾನ ಅಂತ ಅಂದ್ಬುಟ್ಟೆ. ಇನ್ನೊಂದ್ಸಲ ಅನ್ನಾಕಿಲ್ಲ. ತಗಿ.”

ಅಂಬಲಿ ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಸೆರಗಿನಲ್ಲಿ ಒರೆಸಿ ಮತ್ತೆ ಹಿಡಿದಳು. ತುಟಿ ಬಿಗಿದೇ ಇತ್ತು.